ಬೈಕಿನ ಮೂತಿ ಎತ್ತಿ ಮುಂಚಕ್ರ ಬಿಚ್ಚಿದ ಕೆಲಸದ ದಾಖಲೆ

ಮುಂಚಕ್ರದಿಂದ ಬರುತ್ತಿದ್ದ ಗೊರಗೊರ ಸದ್ದು ಬೇರಿಂಗಿನದೇ ಎಂದು ಖಚಿತಪಡಿಸಿಕೊಳ್ಳಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಬೈಕನ್ನು ಸೆಂಟರ್ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಸೀಟಿನ ಹಿಂತುದಿಯನ್ನು ಒತ್ತಿ ಹಿಡಿಯುವಂತೆ ತಮ್ಮನಿಗೆ ಹೇಳಿ, ನೆಲ ಬಿಟ್ಟ ಮುಂಚಕ್ರವನ್ನು ಒಂದು ಕೈಯಿಂದ ನಿಧಾನವಾಗಿ ತಿರುಗಿಸಿದೆ. ಮುಂಚಕ್ರವನ್ನು ಎರಡು ಬದಿಯಿಂದ ಹಿಡಿದಿರುವ ಫೋರ್ಕಿನ ಕಾಲಿನ ಬುಡದಲ್ಲಿ ಇಟ್ಟಿದ್ದ ಇನ್ನೊಂದು ಕೈಯ ಬೆರಳುಗಳಿಗೆ ಮರಳು ಅರೆದಂತಹ ಒರಟು ನಡುಕ ಸ್ಪಷ್ಟವಾಗಿ ತಾಕಿತು. ಟೈರನ್ನು ಎದುರುಬದುರಾಗಿ ಎರಡು ಕಡೆ ಹಿಡಿದು ಅಡ್ಡಡ್ಡಕ್ಕೆ ಅಲುಗಾಡಿಸಿದರೆ ಟಕ್ ಎಂಬ ಸಣ್ಣ ಸದ್ದಿನೊಡನೆ ಕೂದಲೆಳೆಯಷ್ಟು ಆಟವೂ ಕಂಡಿತು. ಚಕ್ರದ ನಡುಭಾಗವಾದ ಹಬ್ಬಿನೊಳಗೆ ಇರುವುದು 6301 ಸಂಖ್ಯೆಯ ಎರಡು ಬೇರಿಂಗುಗಳು. ಒಳವ್ಯಾಸ 12 ಮಿ.ಮೀ., ಹೊರವ್ಯಾಸ 37 ಮಿ.ಮೀ., ದಪ್ಪ 12 ಮಿ.ಮೀ. ಅವನ್ನು ಬದಲಿಸುವುದು ಅರ್ಧ ಗಂಟೆಯ ಕೆಲಸ. ಆದರೆ ಆ ಅರ್ಧ ಗಂಟೆಯ ಕೆಲಸಕ್ಕಾಗಿ ಚಕ್ರವನ್ನು ಹೊರಗೆ ತೆಗೆಯಬೇಕು, ಚಕ್ರ ಹೊರಗೆ ಬರಬೇಕಾದರೆ ಬೈಕಿನ ಮೂತಿ ಗಾಳಿಯಲ್ಲಿ ನಿಲ್ಲಬೇಕು, ಅದೂ ಯಾರೂ ಹಿಡಿದುಕೊಳ್ಳದೆ, ನಾನು ಅದರ ಕೆಳಗೆ ಕೈ ಹಾಕಿ ಕುಳಿತಿರುವಾಗ ಅಲುಗಾಡದೆ ನಿಲ್ಲಬೇಕು. ನನ್ನ ಎರಡು ದಿನಗಳನ್ನು ತಿಂದದ್ದು ಈ ಭಾಗ. ಆದ್ದರಿಂದ ಈ ದಾಖಲೆಯಲ್ಲಿ ಬೇರಿಂಗಿಗಿಂತ ಎತ್ತುವ ವಿಷಯವೇ ಹೆಚ್ಚು.

ಬೈಕು 150 ಸಿಸಿ ವರ್ಗದ್ದು, ತೂಕ ಸುಮಾರು 140 ಕೆ.ಜಿ., ಚಕ್ರಗಳ ನಡುವೆ ಹಾದುಹೋಗುವ ಎರಡು ಆಕ್ಸಲ್‌ಗಳ ನಡುವಿನ ಅಂತರ 132 ಸೆಂ.ಮೀ. ಮುಂದೆ ಟೆಲಿಸ್ಕೋಪಿಕ್ ಫೋರ್ಕು, ಡಿಸ್ಕ್ ಬ್ರೇಕು. ಈ ಕೆಲಸಕ್ಕೆ ಮುಖ್ಯವಾದ ಇನ್ನೊಂದು ವಿವರವೆಂದರೆ ಇದರ ಚೌಕಟ್ಟಿನ ಕೊಳವೆಗಳು ಎಂಜಿನ್ನಿನ ಅಡಿಯಲ್ಲಿ ಹಾದುಹೋಗುವುದಿಲ್ಲ. ಎಂಜಿನ್ನೇ ಚೌಕಟ್ಟಿನ ಒಂದು ಭಾಗವಾಗಿ ನೇತಾಡುತ್ತದೆ. ಎಂಜಿನ್ನಿನ ಕೆಳಗೆ ಎರಡು ಉಕ್ಕಿನ ಕೊಳವೆಗಳು ತೊಟ್ಟಿಲಿನಂತೆ ಹಾದುಹೋಗುವ ಬೈಕುಗಳಲ್ಲಿ ಜಾಕ್ ಇಡಲು ಗಟ್ಟಿಯಾದ ಜಾಗ ತಾನಾಗಿಯೇ ಸಿಗುತ್ತದೆ. ನನ್ನದರಲ್ಲಿ ಕೆಳಗಿನಿಂದ ಸಿಗುವುದು ಎಂಜಿನ್ನಿನ ತಳದ ಕವಚವಾದ ಅಲ್ಯೂಮಿನಿಯಂ ಕ್ರ್ಯಾಂಕ್‌ಕೇಸು, ಆಯಿಲ್ ಇಳಿಸುವ ಬೋಲ್ಟು, ಮುಂದಿನಿಂದ ಬಾಗಿ ಬರುವ ಸೈಲೆನ್ಸರ್ ಪೈಪು, ಈ ಮೂರೇ. ಪೈಪಿನ ಮೇಲೆ ಭಾರ ಹಾಕುವಂತಿಲ್ಲ, ಬೋಲ್ಟಿನ ಮೇಲಂತೂ ಖಂಡಿತ ಹಾಕುವಂತಿಲ್ಲ. ಉಳಿಯುವುದು ಕ್ರ್ಯಾಂಕ್‌ಕೇಸಿನ ಮುಂಭಾಗದ ಅಂಗೈಯಗಲದ ಸಮತಟ್ಟು ಜಾಗ ಮಾತ್ರ. ಅಲ್ಲಿಯೂ ಭಾರವು ಒಂದೇ ಬಿಂದುವಿನ ಮೇಲೆ ಬಿದ್ದರೆ ಅಲ್ಯೂಮಿನಿಯಂ ಬಿರುಕು ಬಿಡುವ ಸಾಧ್ಯತೆ ಇರುವುದರಿಂದ ನಡುವೆ ಅಗಲವಾದ ಮರದ ತುಂಡು ಇರಲೇಬೇಕು.

ಮೊದಲ ದಿನ ನಾನು ಮಾಡಿದ್ದು ಬಹುತೇಕ ಎಲ್ಲರೂ ಮೊದಲು ಮಾಡುವ ಕೆಲಸವೇ. ಬೈಕನ್ನು ಸೆಂಟರ್ ಸ್ಟ್ಯಾಂಡಿಗೆ ಹಾಕಿ, ಕಾರಿನ ಕತ್ತರಿ ಜಾಕನ್ನು ಎಂಜಿನ್ನಿನ ಮುಂಭಾಗದ ಕೆಳಗೆ ತೂರಿಸಿ, ನಡುವೆ ಒಂದು ಚೂರು ಮರ ಇಟ್ಟು ತಿರುಗಿಸತೊಡಗಿದೆ. ಮೊದಲ ಕೆಲವು ಸುತ್ತುಗಳಲ್ಲಿ ಎಂಜಿನ್ನು ಮೇಲೇಳುವುದು ಕಾಣುತ್ತಿದ್ದರೂ ಟೈರು ನೆಲ ಬಿಡಲಿಲ್ಲ. ಭಾರದಿಂದ ಕುಗ್ಗಿದ್ದ ಫೋರ್ಕು ಮೊದಲು ಪೂರ್ತಿ ನೀಳವಾಗಬೇಕು, ಆಮೇಲೆಯೇ ಚಕ್ರ ಮೇಲೇಳುತ್ತದೆ ಎಂಬುದು ಆಗ ಹೊಳೆಯಿತು. ಮತ್ತೆ ತಿರುಗಿಸಿದಾಗ ಟೈರು ಎದ್ದಿತು, ಚಕ್ರ ಸರಾಗವಾಗಿ ತಿರುಗಿತು. ಇಷ್ಟು ಸಾಕು ಎಂದುಕೊಂಡು ಬ್ರೇಕಿನ ಪ್ಯಾಡುಗಳಿರುವ ಕ್ಯಾಲಿಪರನ್ನು ಬಿಚ್ಚಿ ಪಕ್ಕಕ್ಕೆ ಕಟ್ಟಿ, ಆಕ್ಸಲನ್ನು ಎಳೆದು ತೆಗೆದೆ. ಚಕ್ರ ಮೂರೂವರೆ ಸೆಂ.ಮೀ. ಕೆಳಗಿಳಿದು ನೆಲಕ್ಕೆ ಕುಳಿತಿತು, ಅಲ್ಲಿಗೇ ನಿಂತಿತು. ಮುಂದಕ್ಕೆ ಉರುಳಿಸಲು ಹೋದರೆ ಟೈರಿನ ನೆತ್ತಿ ಮಡ್‌ಗಾರ್ಡಿನ ಮುಂದಿನ ತುಟಿಗೆ ತಗುಲಿತು. ಚಕ್ರ ತಿರುಗಲು ಬೇಕಾದ ಎತ್ತರ ಬೇರೆ, ಚಕ್ರ ಹೊರಬರಲು ಬೇಕಾದ ಎತ್ತರ ಬೇರೆ. ನನ್ನ ಬೈಕಿನಲ್ಲಿ ಎರಡನೆಯದು ಅಳತೆ ಮಾಡಿದಾಗ 7 ಸೆಂ.ಮೀ. ಎಂದು ಗೊತ್ತಾಯಿತು.

ಮಡ್‌ಗಾರ್ಡನ್ನೇ ಬಿಚ್ಚಬಹುದಿತ್ತು. ಆದರೆ ಅದರ ನಾಲ್ಕು ಬೋಲ್ಟುಗಳಲ್ಲಿ ಎರಡು ತುಕ್ಕು ಹಿಡಿದಿದ್ದವು. ಒಂದು ರಿಪೇರಿಗೆ ಇಳಿದು ಇನ್ನೊಂದನ್ನು ಹುಟ್ಟಿಸಿಕೊಳ್ಳುವ ಮನಸ್ಸಾಗಲಿಲ್ಲ. ಹಾಗಾಗಿ ಜಾಕನ್ನೇ ಇನ್ನಷ್ಟು ಎತ್ತುತ್ತ ಹೋದೆ. ನನ್ನ ಕಣ್ಣು ಪೂರ್ತಿ ಮಡ್‌ಗಾರ್ಡಿನ ತುಟಿಯ ಮೇಲೆಯೇ ಇತ್ತು. “ಅಣ್ಣಾ, ನಿಲ್ಲಿಸು! ಸ್ಟ್ಯಾಂಡಿನ ಕಾಲು ನೆಲ ಬಿಟ್ಟಿದೆ” ಎಂದು ತಮ್ಮ ಕೂಗಿದಾಗಲೇ ನಾನು ಹಿಂದಕ್ಕೆ ನೋಡಿದ್ದು. ಅಷ್ಟರಲ್ಲಿ ಬೈಕು ಎಡಕ್ಕೆ ವಾಲತೊಡಗಿತ್ತು. ಅವನು ಸೀಟಿನ ಹಿಂದಿನ ಹಿಡಿಕೆಯನ್ನೂ ನಾನು ಹ್ಯಾಂಡಲ್ಲನ್ನೂ ಹಿಡಿದುಕೊಂಡೆವು. ಮರದ ಚೂರು ಜಾರಿ ಹೊರಗೆ ಬಿತ್ತು, ಜಾಕಿನ ಕಬ್ಬಿಣದ ತಲೆ ಕ್ರ್ಯಾಂಕ್‌ಕೇಸನ್ನು ಗೀರಿ ಅರ್ಧಚಂದ್ರಾಕಾರದ ಒಂದು ಗುರುತು ಉಳಿಸಿತು. ಆ ಗುರುತು ಈಗಲೂ ಇದೆ. ಜಾಕನ್ನು ಇಳಿಸಿ, ಆಕ್ಸಲನ್ನು ಮತ್ತೆ ತೂರಿಸಿ, ಆ ದಿನದ ಕೆಲಸವನ್ನು ಅಲ್ಲಿಗೇ ನಿಲ್ಲಿಸಿದೆ.

ಆದದ್ದೇನು ಎಂಬುದನ್ನು ಆ ಸಂಜೆ ಒಂದು ಹಾಳೆಯ ಮೇಲೆ ಗೆರೆ ಎಳೆದು ನೋಡಿದ ಮೇಲೆ ತಪ್ಪು ಅರ್ಥವಾಯಿತು. ಸೆಂಟರ್ ಸ್ಟ್ಯಾಂಡಿನ ಮೇಲಿರುವ ಬೈಕು ಒಂದು ತೂಗುಹಲಗೆಯಂತೆ ವರ್ತಿಸುತ್ತದೆ. ಸ್ಟ್ಯಾಂಡಿನ ಎರಡು ಪಾದಗಳೇ ಅದರ ನಡುಗಂಬ. ನನ್ನ ಬೈಕಿನಲ್ಲಿ ಮುಂದಿನ ಆಕ್ಸಲಿನಿಂದ ಆ ಪಾದಗಳಿಗೆ 80 ಸೆಂ.ಮೀ., ಪಾದಗಳಿಂದ ಹಿಂದಿನ ಆಕ್ಸಲಿಗೆ 52 ಸೆಂ.ಮೀ. ಸ್ಟ್ಯಾಂಡಿನ ಮೇಲೆ ನಿಂತಾಗ ಹಿಂಚಕ್ರ ನೆಲದಿಂದ 3 ಸೆಂ.ಮೀ. ಮೇಲಿರುತ್ತದೆ. ಮೂತಿ ಎದ್ದಂತೆಲ್ಲ ಹಿಂಭಾಗ ಇಳಿಯುತ್ತದೆ. ಹಿಂಚಕ್ರ ತನ್ನ 3 ಸೆಂ.ಮೀ. ಇಳಿದು ನೆಲ ಮುಟ್ಟುವ ಹೊತ್ತಿಗೆ ಮೂತಿ 3ನ್ನು 80ರಿಂದ ಗುಣಿಸಿ 52ರಿಂದ ಭಾಗಿಸಿದಷ್ಟು, ಅಂದರೆ ಸುಮಾರು 4.6 ಸೆಂ.ಮೀ. ಎದ್ದಿರುತ್ತದೆ. ಅದರಲ್ಲಿ ಒಂದು ಸೆಂ.ಮೀ. ಫೋರ್ಕು ನೀಳವಾಗುವುದಕ್ಕೇ ಹೋಗುತ್ತದೆ. ಅಲ್ಲಿಂದ ಮುಂದೆಯೂ ಜಾಕ್ ಎತ್ತಿದರೆ ಬೈಕು ಹಿಂಚಕ್ರದ ಮೇಲೆ ತಿರುಗತೊಡಗಿ ಸ್ಟ್ಯಾಂಡಿನ ಪಾದಗಳೇ ಮೇಲೇಳುತ್ತವೆ. ಆಗ ಬೈಕನ್ನು ಹೊತ್ತಿರುವುದು ದುಂಡನೆಯ ಒಂದು ಟೈರು ಮತ್ತು ಅಂಗೈಯಗಲದ ಒಂದು ಜಾಕು. ಅಡ್ಡಕ್ಕೆ ಆಧಾರವೇ ಇಲ್ಲ. ಅದು ವಾಲದೆ ನಿಂತಿದ್ದರೆ ಅದೇ ಆಶ್ಚರ್ಯವಾಗುತ್ತಿತ್ತು.

ಜಾಕು ಜಾರಿದ್ದಕ್ಕೂ ಇದೇ ಲೆಕ್ಕದಲ್ಲಿ ಕಾರಣ ಸಿಕ್ಕಿತು. ಬೈಕು ನೇರವಾಗಿ ಮೇಲೇಳುವುದಿಲ್ಲ, ಸ್ಟ್ಯಾಂಡಿನ ಪಾದದ ಸುತ್ತ ಕಮಾನಿನಲ್ಲಿ ಏಳುತ್ತದೆ. ನೆಲದಿಂದ 20 ಸೆಂ.ಮೀ. ಎತ್ತರದಲ್ಲಿರುವ ಎಂಜಿನ್ನಿನ ತಳ, ಮೂತಿ 6 ಸೆಂ.ಮೀ. ಎದ್ದಾಗ ಸುಮಾರು ಒಂದೂವರೆ ಸೆಂ.ಮೀ. ಹಿಂದಕ್ಕೂ ಸರಿದಿರುತ್ತದೆ. ಜಾಕಿನ ಬುಡ ಮಾತ್ರ ಇಟ್ಟಲ್ಲಿಯೇ ಇರುತ್ತದೆ. ಹೀಗಾಗಿ ಜಾಕು ಓರೆಯಾಗುತ್ತದೆ, ಇಲ್ಲವೇ ಅದರ ತಲೆ ಜಾರುತ್ತದೆ. ನನ್ನದು ಎರಡನ್ನೂ ಮಾಡಿತು.

ಇನ್ನಿತರ ದಾರಿಗಳನ್ನೂ ಯೋಚಿಸಿದೆ. ಜಾಕಿನ ಬದಲು ಇಟ್ಟಿಗೆ ಪೇರಿಸುವ ಸಲಹೆಯನ್ನು ಹಲವರಿಂದ ಕೇಳಿದ್ದೇನೆ. ಅದನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ಇಟ್ಟಿಗೆಯೂ ಟೊಳ್ಳು ಕಾಂಕ್ರೀಟ್ ಬ್ಲಾಕೂ ಮರದಂತೆ ಮೊದಲೇ ಕಿರುಗುಟ್ಟಿ ಎಚ್ಚರಿಸುವುದಿಲ್ಲ, ಒಮ್ಮೆಲೇ ಒಡೆಯುತ್ತವೆ. ಹ್ಯಾಂಡಲ್ಲಿಗೆ ಪಟ್ಟಿ ಬಿಗಿದು ಛಾವಣಿಯ ಕೊಕ್ಕೆಗೆ ತೂಗುಹಾಕುವುದು ಕೆಲವರಿಗೆ ಒಗ್ಗಿದ ವಿಧಾನ. ಮೇಲೆ ತೊಲೆ ಇದ್ದು ಅದರ ಬಲ ಗೊತ್ತಿದ್ದರೆ ಅದು ಒಳ್ಳೆಯದೇ, ಆದರೆ ನನ್ನ ಛಾವಣಿಯ ಕೊಕ್ಕೆ ಎಷ್ಟು ಹೊರುತ್ತದೆಂದು ನಾನು ಹೇಳಲಾರೆ. ಬೈಕಿನ ಮುಂಭಾಗವನ್ನು ಎತ್ತಿ ನಿಲ್ಲಿಸುವ ಪ್ಯಾಡಕ್ ಸ್ಟ್ಯಾಂಡುಗಳಲ್ಲಿ ಎರಡು ಬಗೆ ಇವೆ. ಫೋರ್ಕಿನ ಕಾಲುಗಳ ಬುಡಕ್ಕೆ ಆನಿಸಿ ಎತ್ತುವಂಥದ್ದು ಚಕ್ರ ಬಿಚ್ಚಲು ಸಾಕಾಗುತ್ತದೆ, ಆದರೆ ಫೋರ್ಕನ್ನೇ ಬಿಚ್ಚಬೇಕಾದರೆ ಉಪಯೋಗಕ್ಕೆ ಬರುವುದಿಲ್ಲ. ಹ್ಯಾಂಡಲ್ಲಿನ ಕೆಳಗಿರುವ ಸ್ಟೀರಿಂಗ್ ಕಾಂಡದ ತೂತಿಗೆ ಪಿನ್ನು ತೂರಿಸಿ ಎತ್ತುವಂಥದ್ದು ಎರಡಕ್ಕೂ ಆಗುತ್ತದೆ. ಯಾವುದೇ ಆಗಲಿ, ಹಿಂಭಾಗ ಮೊದಲು ತನ್ನ ಸ್ಟ್ಯಾಂಡಿನ ಮೇಲೆ ಗಟ್ಟಿಯಾಗಿ ನಿಂತ ಮೇಲೆಯೇ ಮುಂಭಾಗವನ್ನು ಎತ್ತಬೇಕು. ಸೆಂಟರ್ ಸ್ಟ್ಯಾಂಡೇ ಇಲ್ಲದ ಬೈಕುಗಳಿಗೆ ಇದಕ್ಕಿಂತ ಸುಲಭದ ದಾರಿ ನನಗೆ ಕಾಣುವುದಿಲ್ಲ. ಸೈಡ್ ಸ್ಟ್ಯಾಂಡಿನ ಮೇಲೆ ವಾಲಿಸಿ ಒಂದು ಕ್ಷಣ ಮೂತಿ ಎತ್ತಬಹುದೇ ಹೊರತು ಚಕ್ರ ಬಿಚ್ಚಿ ಕೂರಲು ಅದು ಆಧಾರವಲ್ಲ.

ನನಗೆ ಸೆಂಟರ್ ಸ್ಟ್ಯಾಂಡ್ ಇದ್ದುದರಿಂದ, ಎತ್ತುವ ಬದಲು ತೂಗುಹಲಗೆಯ ಇನ್ನೊಂದು ತುದಿಯನ್ನು ಒತ್ತುವುದೇ ಸರಿ ಎನಿಸಿತು. ತಮ್ಮ ಹಿಂದೆ ಒತ್ತಿ ಹಿಡಿದಾಗ ಮೂತಿ ಎಷ್ಟು ಸುಲಭವಾಗಿ ಎದ್ದಿತ್ತೋ ಅದನ್ನೇ ಅವನ ಬದಲು ಮರಳಿನ ಚೀಲಗಳಿಂದ ಮಾಡಿಸುವುದು, ಅಷ್ಟೇ. ಎಷ್ಟು ಮರಳು ಎಂಬುದನ್ನು ಅಂದಾಜಿಗೆ ಬಿಡಲು ಮೊದಲ ದಿನದ ಅನುಭವದ ಮೇಲೆ ಮನಸ್ಸಾಗಲಿಲ್ಲ. ದೇಹದ ತೂಕ ನೋಡುವ ಮನೆಯ ತಕ್ಕಡಿಯನ್ನು ಮುಂಚಕ್ರದ ಕೆಳಗೆ ಇಟ್ಟೆ. ತಕ್ಕಡಿಯ ದಪ್ಪದಷ್ಟು ಮೂತಿ ಎದ್ದು ಅಳತೆ ತಪ್ಪಬಾರದೆಂದು ಸ್ಟ್ಯಾಂಡಿನ ಪಾದಗಳ ಕೆಳಗೂ ಹೆಚ್ಚುಕಡಿಮೆ ಅಷ್ಟೇ ದಪ್ಪದ ಹಲಗೆ ಹಾಕಿದ್ದೆ. ತಕ್ಕಡಿ ತೋರಿಸಿದ್ದು 22 ಕೆ.ಜಿ. 140 ಕೆ.ಜಿ.ಯ ಬೈಕಿನಲ್ಲಿ ಮುಂಚಕ್ರದ ಮೇಲೆ ಉಳಿದಿದ್ದುದು ಅಷ್ಟೇ ಭಾರ, ಉಳಿದದ್ದೆಲ್ಲ ಸ್ಟ್ಯಾಂಡಿನ ಪಾದಗಳ ಮೇಲೆ. ಪಾದಗಳಿಂದ ಸೀಟಿನ ಹಿಂದಿನ ಹಿಡಿಕೆಗೆ 75 ಸೆಂ.ಮೀ. ಇದೆ. 22ನ್ನು 80ರಿಂದ ಗುಣಿಸಿ 75ರಿಂದ ಭಾಗಿಸಿದರೆ 23.5 ಕೆ.ಜಿ.; ಅಷ್ಟು ಭಾರ ಹಿಂದೆ ಬಿದ್ದರೆ ಮೂತಿ ಏಳುವ ಹಂತಕ್ಕೆ ಬರುತ್ತದೆ. ಸ್ವಲ್ಪ ಮಿಗತೆ ಇರಲೆಂದು ತಲಾ 15 ಕೆ.ಜಿ.ಯ ಎರಡು ಚೀಲ ಕಟ್ಟಿದೆ. ಸೀಟಿನ ಮೇಲೆ ಒಬ್ಬರು ಕುಳಿತರೆ ಬೀಳುವ ಭಾರಕ್ಕಿಂತ ಇದು ಕಡಿಮೆ, ಆದ್ದರಿಂದ ಹಿಂಭಾಗಕ್ಕೆ ಏನಾದರೂ ಆದೀತೆಂಬ ಚಿಂತೆ ಇರಲಿಲ್ಲ. ಪೆಟ್ರೋಲನ್ನು ಮಾತ್ರ ಈ ಲೆಕ್ಕದಲ್ಲಿ ಮರೆಯಬಾರದು. ಟ್ಯಾಂಕು ಸ್ಟ್ಯಾಂಡಿನ ಪಾದಗಳಿಗಿಂತ ಮುಂದೆ ಇರುವುದರಿಂದ, ಅಳೆದ ದಿನ ಅರ್ಧ ಇದ್ದ ಟ್ಯಾಂಕನ್ನು ಕೆಲಸದ ದಿನ ತುಂಬಿಸಿಕೊಂಡು ಬಂದರೆ ಮೂತಿಯ ಭಾರ ಬದಲಾಗಿರುತ್ತದೆ. 10 ಲೀಟರ್ ಪೆಟ್ರೋಲ್ ಸುಮಾರು ಏಳೂವರೆ ಕೆ.ಜಿ. ತೂಗುತ್ತದೆ.

ಉಳಿದದ್ದು ಎತ್ತರದ ಪ್ರಶ್ನೆ. ಹಿಂಚಕ್ರಕ್ಕೆ ಇಳಿಯಲು ಇರುವ ಜಾಗವೇ 3 ಸೆಂ.ಮೀ. ಆಗಿರುವವರೆಗೆ ಮೂತಿ 4.6ಕ್ಕಿಂತ ಹೆಚ್ಚು ಏಳುವುದಿಲ್ಲ. ಆ ಜಾಗವನ್ನು ಹೆಚ್ಚಿಸಲು ಸ್ಟ್ಯಾಂಡಿನ ಪಾದಗಳನ್ನೇ ಎತ್ತರಿಸಬೇಕು. 18 ಮಿ.ಮೀ. ದಪ್ಪದ ಪ್ಲೈವುಡ್ ಹಲಗೆಯೊಂದನ್ನು ಪಾದಗಳ ಕೆಳಗೆ ಇಟ್ಟು, ಮುಂಚಕ್ರವನ್ನು ನೆಲದ ಮೇಲೆಯೇ ಬಿಟ್ಟರೆ, ಹಿಂಚಕ್ರ ಇನ್ನೂ ಸುಮಾರು 3 ಸೆಂ.ಮೀ. ಮೇಲೇರಿ ಒಟ್ಟು 6 ಸೆಂ.ಮೀ. ಅಂತರ ಸಿಗುತ್ತದೆ. ಆಗ ಹಿಂಚಕ್ರ ನೆಲ ಮುಟ್ಟುವಷ್ಟರಲ್ಲಿ ಮೂತಿ 9.2 ಸೆಂ.ಮೀ. ಏಳುತ್ತದೆ. ಫೋರ್ಕಿನ ಪಾಲು ಕಳೆದರೂ ಬೇಕಾದ 7 ಸೆಂ.ಮೀ.ಗಿಂತ ಹೆಚ್ಚೇ. ಒಂದು ಹಲಗೆಯಿಂದ ಇಷ್ಟು ಲಾಭವಾಗುವುದೆಂದು ಲೆಕ್ಕ ಹಾಕುವವರೆಗೆ ನಾನು ಎಣಿಸಿರಲಿಲ್ಲ.

ಹಲಗೆಯ ಮೇಲೆ ಸ್ಟ್ಯಾಂಡ್ ಹಾಕುವುದರಲ್ಲಿ ಒಂದು ತೊಡಕಿದೆ. ಪಾದ ಎತ್ತರದ ಮೇಲೆ ಇರುವುದರಿಂದ ಬೈಕನ್ನು ಎಂದಿಗಿಂತ ಹೆಚ್ಚು ಎತ್ತಿ ಎಳೆಯಬೇಕಾಗುತ್ತದೆ, ಎಳೆಯುವಾಗ ಹಲಗೆಯೂ ಜಾರುತ್ತದೆ. ಇದಕ್ಕೆ ಅಷ್ಟೇ ದಪ್ಪದ ಎರಡನೆಯ ಹಲಗೆಯ ಮೇಲೆ ಹಿಂಚಕ್ರವನ್ನು ಮೊದಲು ಹತ್ತಿಸಿ ನಿಲ್ಲಿಸಿದೆ. ಆಗ ಚಕ್ರ ಮತ್ತು ಪಾದ ಒಂದೇ ಮಟ್ಟದಲ್ಲಿ ಇರುವುದರಿಂದ ದಿನನಿತ್ಯದಷ್ಟೇ ಬಲಕ್ಕೆ ಬೈಕು ಸ್ಟ್ಯಾಂಡ್ ಹತ್ತುತ್ತದೆ. ಹತ್ತಿದ ಮೇಲೆ ಹಿಂಚಕ್ರದ ಕೆಳಗಿನ ಹಲಗೆಯನ್ನು ಎಳೆದು ತೆಗೆದರಾಯಿತು. ಪಾದದ ಹಲಗೆಯ ತಳಕ್ಕೆ ಹಳೆಯ ಟ್ಯೂಬಿನ ಎರಡು ತುಂಡುಗಳನ್ನು ಅಂಟಿಸಿದ ಮೇಲೆ ಅದು ಜಾರುವುದೂ ನಿಂತಿತು.

ಆಮೇಲೆ ಸ್ಟ್ಯಾಂಡನ್ನು ಕಟ್ಟಿಹಾಕಿದೆ. ಬೈಕು ಮುಂದಕ್ಕೆ ಸರಿದರೆ ಸೆಂಟರ್ ಸ್ಟ್ಯಾಂಡ್ ಹಿಂದಕ್ಕೆ ಮಡಚಿಕೊಳ್ಳುತ್ತದೆ, ನಾವು ದಿನವೂ ಅದನ್ನು ಇಳಿಸುವುದೇ ಹಾಗೆ. ಚಕ್ರ ಬಿಚ್ಚಿಟ್ಟಿರುವ ಹೊತ್ತಿನಲ್ಲಿ ಹಾಗಾದರೆ ಫೋರ್ಕಿನ ಕಾಲುಗಳು ನೇರವಾಗಿ ನೆಲಕ್ಕೆ ಬಡಿಯುತ್ತವೆ. ಸ್ಟ್ಯಾಂಡಿನ ಅಡ್ಡಪಟ್ಟಿಯಿಂದ ಎಂಜಿನ್ನಿನ ಮುಂದೆ ಕೆಳಗಿಳಿಯುವ ಚೌಕಟ್ಟಿನ ಕೊಳವೆಗೆ, ಹಿಡಿಕೆ ಆಡಿಸಿ ಬಿಗಿಯುವ ಒಂದು ರ್‍ಯಾಚೆಟ್ ಪಟ್ಟಿಯನ್ನು ಬಿಗಿದರೆ ಸ್ಟ್ಯಾಂಡ್ ಮಡಚಿಕೊಳ್ಳಲಾರದು. ಈ ಪಟ್ಟಿಯನ್ನು ಮುಂಚಕ್ರಕ್ಕೆ ಕಟ್ಟುವವರನ್ನು ನೋಡಿದ್ದೇನೆ. ಬೇರೆ ಕೆಲಸಗಳಿಗೆ ಅದು ಸರಿ, ಆದರೆ ಬಿಚ್ಚಬೇಕಾದ ಚಕ್ರಕ್ಕೇ ಕಟ್ಟಿದರೆ ಏನು ಪ್ರಯೋಜನ? ಹ್ಯಾಂಡಲ್ಲನ್ನೂ ನೇರವಾಗಿ ಇರುವಂತೆ ಎರಡು ಬದಿಯಿಂದ ಬಟ್ಟೆಯ ಪಟ್ಟಿಗಳಿಂದ ಕಟ್ಟಿದೆ, ಏಕೆಂದರೆ ಚಕ್ರ ಹೋದ ಮೇಲೆ ಫೋರ್ಕು ಇದ್ದಕ್ಕಿದ್ದಂತೆ ಒಂದು ಕಡೆಗೆ ಹೊರಳಿ ಟ್ಯಾಂಕಿಗೆ ಬಡಿಯುತ್ತದೆ. ಕೀಲಿ ಹಾಕಿ ಹ್ಯಾಂಡಲ್ ಲಾಕ್ ಮಾಡಿದರೆ ಅದು ಒಂದು ಬದಿಗೆ ತಿರುಗಿಯೇ ನಿಲ್ಲುವುದರಿಂದ ಈ ಕೆಲಸಕ್ಕೆ ಆಗುವುದಿಲ್ಲ.

ಚೀಲಗಳನ್ನು ಹೇರುವ ಮೊದಲು, ಮುಂಚಕ್ರ ಇನ್ನೂ ನೆಲದ ಮೇಲೆ ಇರುವಾಗಲೇ, ಆಕ್ಸಲಿನ ನಟ್ಟನ್ನೂ ಫೋರ್ಕಿನ ಬುಡದಲ್ಲಿ ಆಕ್ಸಲನ್ನು ಅಪ್ಪಿ ಹಿಡಿಯುವ ಪಿಂಚ್ ಬೋಲ್ಟನ್ನೂ ಕ್ಯಾಲಿಪರಿನ ಎರಡು ಬೋಲ್ಟುಗಳನ್ನೂ ಒಂದೊಂದು ಕಾಲು ಸುತ್ತು ಸಡಿಲಿಸಿದೆ. ಮೊದಲ ದಿನ ಇದನ್ನು ಎತ್ತಿದ ಮೇಲೆ ಮಾಡಿದ್ದೆ. ಪಾನಾ ಎಳೆದಾಗಲೆಲ್ಲ ಬೈಕು ತಲೆಯಾಡಿಸುತ್ತಿತ್ತು. 60 ನ್ಯೂಟನ್ ಮೀಟರ್ ಬಿಗಿತದ ನಟ್ಟನ್ನು 30 ಸೆಂ.ಮೀ. ಉದ್ದದ ಪಾನಾದಿಂದ ಸಡಿಲಿಸಲು ಹಿಡಿಕೆಯ ತುದಿಯಲ್ಲಿ 20 ಕೆ.ಜಿ. ಭಾರದಷ್ಟು ಬಲ ಬೇಕು, ಹಳೆಯ ನಟ್ಟಾದರೆ ಇನ್ನೂ ಹೆಚ್ಚು. ಕೆಲವೇ ಕೆ.ಜಿ.ಯ ಮಿಗತೆಯಿಂದ ಮೂತಿ ಎತ್ತಿ ನಿಂತಿರುವ ಬೈಕಿಗೆ ಅಷ್ಟು ಬಲದ ಜಗ್ಗಾಟ ಎಲ್ಲಿ ತಾಳೀತು? ನೆಲದ ಮೇಲಿರುವಾಗಲೂ ಪಾನಾವನ್ನು ಮುಂದಕ್ಕೆ ತಳ್ಳದೆ ಕೆಳಕ್ಕೆ ಒತ್ತುವಂತೆ ಇಟ್ಟುಕೊಂಡೆ.

ಚೀಲಗಳನ್ನು ಜೋಡಿಯಾಗಿ ಹಗ್ಗದಿಂದ ಬಿಗಿದು, ಎರಡೂ ಬದಿಗೆ ಸಮನಾಗಿ ಇಳಿಬೀಳುವಂತೆ ಸೀಟಿನ ಹಿಂತುದಿಯ ಮೇಲೆ ಹಾಕಿ ಹಿಡಿಕೆಗೆ ಕಟ್ಟಿದೆ. ಎರಡನೆಯ ಚೀಲದ ಭಾರ ಪೂರ್ತಿ ಬಿಡುವ ಮೊದಲೇ ಮೂತಿ ನಿಧಾನವಾಗಿ, ಒಂದು ಬಗೆಯ ಸೋಮಾರಿತನದಿಂದ ಎದ್ದಿತು. ಹಿಂಚಕ್ರ ನೆಲಕ್ಕೆ ತಾಗಿ ಒಂದು ಸಲ ಮೆತ್ತಗೆ ಪುಟಿದು ನಿಂತಿತು. ಮುಂದಿನ ಟೈರಿಗೂ ನೆಲಕ್ಕೂ ನಡುವೆ ಅಳತೆ ಪಟ್ಟಿ ಹಿಡಿದರೆ 8 ಸೆಂ.ಮೀ. ಆಗ ಕುತೂಹಲಕ್ಕೆ ಒಂದು ಚೀಲವನ್ನು ಕೈಯಿಂದ ಮೇಲಕ್ಕೆತ್ತಿ ಹಿಡಿದು ನೋಡಿದೆ: ಮೂತಿ ಇಳಿಯಲಿಲ್ಲ. ಏಳಲು 23.5 ಕೆ.ಜಿ. ಬೇಕಿದ್ದ ಬೈಕು 15 ಕೆ.ಜಿ.ಗೇ ಎದ್ದಂತೆ ನಿಂತಿತ್ತು. ಕಾರಣ ಸರಳವಾದದ್ದೇ. ಹಿಂದಕ್ಕೆ ವಾಲಿದಾಗ ಎಂಜಿನ್ನು, ಟ್ಯಾಂಕುಗಳ ಭಾರವೂ ಪಾದಗಳ ಕಡೆಗೆ ಸರಿಯುತ್ತದೆ, ಹೀಗಾಗಿ ಮೂತಿಯನ್ನು ಎತ್ತುವುದಕ್ಕಿಂತ ಎತ್ತಿದ ಮೂತಿಯನ್ನು ಹಿಡಿದಿಡುವುದು ಹಗುರ. ಚಕ್ರ ಬಿಚ್ಚಿದ ಮೇಲೆ ಮುಂದಿನಿಂದ ಇನ್ನೂ ಸುಮಾರು 9 ಕೆ.ಜಿ. ಹೊರಟುಹೋಗುವುದರಿಂದ ಬೈಕು ಹಿಂಚಕ್ರದ ಮೇಲೆ ಇನ್ನಷ್ಟು ಭದ್ರವಾಗಿ ಕೂರುತ್ತದೆ. ಹಿಂಚಕ್ರ ಬಿಚ್ಚುವಾಗ ಇದೇ ಲೆಕ್ಕ ತಿರುಗುಮುರುಗಾಗುತ್ತದೆ ಎಂಬುದನ್ನು ನೆನಪಿಟ್ಟುಕೊಂಡು ಚೀಲವನ್ನು ಮತ್ತೆ ಇಳಿಬಿಟ್ಟೆ.

ಜಾಕನ್ನು ಈಗಲೂ ಬಳಸಿದೆ, ಆದರೆ ಎತ್ತಲು ಅಲ್ಲ. ಕ್ರ್ಯಾಂಕ್‌ಕೇಸಿನ ಆ ಸಮತಟ್ಟು ಜಾಗದ ಕೆಳಗೆ ಅಗಲವಾದ ಮರದ ತುಂಡು ಇಟ್ಟು, ಜಾಕಿನ ತಲೆ ಅದನ್ನು ಮುಟ್ಟುವವರೆಗೆ ಮಾತ್ರ ಏರಿಸಿ, ಮರದ ತುಂಡನ್ನು ಬೆರಳಿನಿಂದ ತಳ್ಳಿದರೆ ಅಲುಗಾಡದಷ್ಟು ಬಿಗಿಯಾದಾಗ ನಿಲ್ಲಿಸಿದೆ. ಹಗ್ಗ ಬಿಚ್ಚಿಕೊಂಡರೆ ಅಥವಾ ಯಾರಾದರೂ ಹಿಂದಿನಿಂದ ತಾಗಿಸಿದರೆ ಮೂತಿ ಇಳಿಯುವುದು ಜಾಕಿನ ಮೇಲೆ, ನನ್ನ ಕೈಯ ಮೇಲಲ್ಲ. ಮೂತಿ ಏಳುವ ಹಾದಿಯೆಲ್ಲ ಮುಗಿದ ಮೇಲೆ ಇಟ್ಟದ್ದರಿಂದ ಜಾಕು ಓರೆಯಾಗುವ ಪ್ರಶ್ನೆಯೂ ಇರಲಿಲ್ಲ.

ಇಲ್ಲಿಂದ ಮುಂದಿನ ಕೆಲಸ ಬೇಗ ನಡೆಯಿತು. ಕ್ಯಾಲಿಪರನ್ನು ಬಿಚ್ಚಿ, ಬ್ರೇಕ್ ಪೈಪಿನ ಮೇಲೆ ಭಾರ ಬೀಳದಂತೆ ಫೋರ್ಕಿಗೆ ತಂತಿಯಿಂದ ತೂಗುಹಾಕಿ, ಪ್ಯಾಡುಗಳ ನಡುವೆ ಡಿಸ್ಕಿನ ದಪ್ಪದ ರಟ್ಟನ್ನು ಮಡಚಿ ತೂರಿಸಿದೆ. ಡಿಸ್ಕ್ ಇಲ್ಲದ ಹೊತ್ತಿನಲ್ಲಿ ಯಾರಾದರೂ ಬ್ರೇಕ್ ಹಿಡಿದರೆ ಪಿಸ್ಟನ್ನುಗಳು ಮುಂದಕ್ಕೆ ಬಂದು, ಮರುಜೋಡಿಸುವಾಗ ಡಿಸ್ಕ್ ಒಳಗೆ ಹೋಗುವುದಿಲ್ಲ. ಆಕ್ಸಲನ್ನು ಎಳೆಯುವಾಗ ಚಕ್ರದ ಕೆಳಗೆ ನನ್ನ ಪಾದದ ಮುಂಭಾಗವನ್ನು ತೂರಿಸಿ ಸ್ವಲ್ಪ ಎತ್ತಿ ಹಿಡಿದೆ. ಚಕ್ರದ ಭಾರ ಆಕ್ಸಲಿನ ಮೇಲಿದ್ದರೆ ಅದು ಕಚ್ಚಿಕೊಳ್ಳುತ್ತದೆ, ಭಾರ ತೆಗೆದರೆ ಎರಡು ಬೆರಳಿಗೆ ಬರುತ್ತದೆ. ಸ್ಪೀಡೋಮೀಟರಿನ ಗೇರಿರುವ ಬಟ್ಟಲು ಒಂದು ಬದಿಯಿಂದ, ಉಕ್ಕಿನ ಬಳೆಯಂಥ ಸ್ಪೇಸರ್ ಇನ್ನೊಂದು ಬದಿಯಿಂದ ಕಳಚಿಕೊಂಡವು. ಯಾವುದು ಯಾವ ಬದಿಯದು, ಯಾವ ಮುಖ ಒಳಗೆ ಎಂದು ಗುರುತು ಹಾಕಿಯೇ ಪಕ್ಕಕ್ಕೆ ಇಟ್ಟೆ. ಚಕ್ರ ಕೆಳಗಿಳಿದು, ಮಡ್‌ಗಾರ್ಡಿನ ತುಟಿಯ ಅಡಿಯಿಂದ ಒಂದು ಬೆರಳಿನಷ್ಟು ಜಾಗ ಉಳಿಸಿ, ಮುಂದಕ್ಕೆ ಉರುಳಿ ಬಂತು. ಬಿಚ್ಚಿದ ಚಕ್ರವನ್ನು ಡಿಸ್ಕ್ ಇರುವ ಬದಿ ಕೆಳಗಾಗಿ ಮಲಗಿಸಬಾರದು, ಡಿಸ್ಕ್ ಬಾಗಬಹುದು.

ಬೇರಿಂಗಿನ ಬಗ್ಗೆ ಎರಡು ಮಾತು ಸಾಕು. ಎರಡು ಬೇರಿಂಗುಗಳ ನಡುವೆ ಹಬ್ಬಿನೊಳಗೆ ಒಂದು ಕೊಳವೆ ಇರುತ್ತದೆ. ಅದನ್ನು ಉದ್ದನೆಯ ಸರಳಿನಿಂದ ಸ್ವಲ್ಪ ಓರೆ ಸರಿಸಿ, ಒಳಗಿನಿಂದ ಎದುರು ಬದಿಯ ಬೇರಿಂಗಿನ ಅಂಚಿಗೆ ಸುತ್ತಲೂ ಬಡಿಯುತ್ತ ಹೋದರೆ ಅದು ಹೊರಬರುತ್ತದೆ. ಹೊಸದನ್ನು ಕೂರಿಸುವಾಗ ಹೊರಬಳೆಯ ಮೇಲೆ ಮಾತ್ರ ಬಡಿಯಬೇಕು. ಒಳಬಳೆಗೆ ಬಿದ್ದ ಪೆಟ್ಟು ಗೋಲಿಗಳ ಮೂಲಕ ಹಾದು, ಹೊಸ ಬೇರಿಂಗನ್ನು ಮೊದಲ ದಿನವೇ ಹಳೆಯದಾಗಿಸುತ್ತದೆ. ನಾನು ಹಳೆಯ ಬೇರಿಂಗನ್ನೇ ಮೇಲಿಟ್ಟು ಬಡಿದೆ. ಕೊಳವೆಯನ್ನು ಒಳಗೆ ಇಡುವುದು ಮರೆತರೆ ಎರಡನೆಯ ಬೇರಿಂಗನ್ನು ಮತ್ತೆ ಕೀಳಬೇಕಾಗುತ್ತದೆ.

ಜೋಡಿಸುವಾಗ ಕೆಲಸ ತಡೆದದ್ದು ಒಂದೇ ಕಡೆ. ಸ್ಪೀಡೋಮೀಟರ್ ಬಟ್ಟಲಿನಲ್ಲಿರುವ ತೋಡಿಗೆ ಫೋರ್ಕಿನ ಬುಡದಲ್ಲಿರುವ ಉಬ್ಬು ಸರಿಯಾಗಿ ಕೂರಬೇಕು; ಬಟ್ಟಲೊಳಗಿನ ಎರಡು ಕಿವಿಗಳು ಹಬ್ಬಿನ ಕಚ್ಚುಗಳಿಗೂ ಸೇರಬೇಕು. ಒಂದು ಕೈಯಲ್ಲಿ ಚಕ್ರ, ಇನ್ನೊಂದರಲ್ಲಿ ಆಕ್ಸಲ್, ಬಟ್ಟಲಿಗೆ ಮೂರನೆಯ ಕೈ ಇಲ್ಲ. ಕೊನೆಗೆ ಚಕ್ರದ ಕೆಳಗೆ ಎರಡು ತೆಳು ಹಲಗೆಗಳನ್ನು ಒಂದರ ಮೇಲೊಂದು ಸರಿಸಿ ಆಕ್ಸಲಿನ ತೂತುಗಳನ್ನು ಒಂದೇ ಗೆರೆಗೆ ತಂದ ಮೇಲೆ, ಗ್ರೀಸ್ ತೆಳುವಾಗಿ ಸವರಿದ ಆಕ್ಸಲು ಸದ್ದಿಲ್ಲದೆ ಒಳಗೆ ಹೋಯಿತು. ನಟ್ಟನ್ನು ಕೈಬಿಗಿ ಮಾತ್ರ ಮಾಡಿ, ಕ್ಯಾಲಿಪರನ್ನು ಕೂರಿಸಿ, ಜಾಕನ್ನು ಎಳೆದು ತೆಗೆದು, ತಮ್ಮ ಹಿಡಿಕೆ ಹಿಡಿದಿರುವಾಗ ಚೀಲಗಳನ್ನು ಒಂದೊಂದಾಗಿ ಇಳಿಸಿದೆ. ಎರಡನೆಯ ಚೀಲ ಹೋಗುತ್ತಿದ್ದಂತೆ ಮೂತಿ ತಾನಾಗಿಯೇ ಇಳಿಯುತ್ತದೆ. ಹಿಡಿಯುವವರು ಅದನ್ನು ತಡೆದು ತಡೆದು ಇಳಿಸಬೇಕು, ಬಿಟ್ಟುಬಿಡಬಾರದು.

ಕೊನೆಯ ಬಿಗಿತ ನೆಲದ ಮೇಲೆಯೇ. ಪಟ್ಟಿ ಬಿಚ್ಚಿ, ಬೈಕನ್ನು ಸ್ಟ್ಯಾಂಡಿನಿಂದ ಇಳಿಸುವ ಮೊದಲೇ ಬ್ರೇಕ್ ಲಿವರನ್ನು ಅದು ಗಟ್ಟಿಯಾಗುವವರೆಗೆ ಹಲವು ಸಲ ಒತ್ತಿದೆ. ಮೊದಲ ಮೂರು ನಾಲ್ಕು ಸಲ ಅದು ಹ್ಯಾಂಡಲ್ಲಿಗೆ ತಾಗುವಷ್ಟು ಒಳಗೆ ಹೋಯಿತು, ಆ ಸ್ಥಿತಿಯಲ್ಲಿ ಬೈಕು ಉರುಳಿದ್ದರೆ ನಿಲ್ಲಿಸಲು ಮುಂದೆ ಬ್ರೇಕೇ ಇರುತ್ತಿರಲಿಲ್ಲ. ಆಮೇಲೆ ಆಕ್ಸಲಿನ ನಟ್ಟನ್ನು ಬಿಗಿತ ಅಳೆಯುವ ಪಾನಾ ಆದ ಟಾರ್ಕ್ ರೆಂಚಿನಿಂದ ಕೈಪಿಡಿಯಲ್ಲಿ ಹೇಳಿದಷ್ಟು ಬಿಗಿದು, ಬೈಕನ್ನು ನೆಲಕ್ಕಿಳಿಸಿ, ಮುಂದಿನ ಬ್ರೇಕ್ ಹಿಡಿದು ಫೋರ್ಕನ್ನು ನಾಲ್ಕೈದು ಸಲ ಕುಗ್ಗಿಸಿ ಬಿಟ್ಟೆ. ಹೀಗೆ ಮಾಡಿದರೆ ಫೋರ್ಕಿನ ಎರಡು ಕಾಲುಗಳೂ ಆಕ್ಸಲಿನ ಮೇಲೆ ತಮ್ಮ ಸಹಜ ಜಾಗಕ್ಕೆ ಬಂದು ಕೂರುತ್ತವೆ. ಅದಕ್ಕೇ ಪಿಂಚ್ ಬೋಲ್ಟನ್ನು ಬಿಗಿಯುವುದು ಎಲ್ಲಕ್ಕಿಂತ ಕೊನೆಗೆ. ಕ್ಯಾಲಿಪರಿನ ಬೋಲ್ಟುಗಳ ಬಿಗಿತವನ್ನೂ ಅದೇ ರೆಂಚಿನಿಂದ ನೋಡಿ ಮುಗಿಸಿದೆ.

ಮತ್ತೆ ಸ್ಟ್ಯಾಂಡಿಗೆ ಹಾಕಿ, ತಮ್ಮ ಹಿಂದೆ ಒತ್ತಿ ಹಿಡಿದಾಗ ಚಕ್ರವನ್ನು ತಿರುಗಿಸಿದರೆ ಕೇಳಿಸಿದ್ದು ಪ್ಯಾಡು ಡಿಸ್ಕಿಗೆ ಸವರುವ ಸಣ್ಣ ಸದ್ದು ಮಾತ್ರ. ಫೋರ್ಕಿನ ಬುಡದಲ್ಲಿಟ್ಟ ಬೆರಳಿಗೆ ಏನೂ ತಾಕಲಿಲ್ಲ. ಮೊದಲ ಸಣ್ಣ ಸವಾರಿಯ ನಂತರ ನಟ್ಟು, ಬೋಲ್ಟುಗಳನ್ನು ಇನ್ನೊಮ್ಮೆ ನೋಡಿದೆ, ಯಾವುದೂ ಸಡಿಲವಾಗಿರಲಿಲ್ಲ. ಪ್ಲೈವುಡ್ ಹಲಗೆಯ ಬೆನ್ನಿಗೆ 80, 52, 75 ಎಂಬ ಮೂರು ಅಳತೆಗಳನ್ನೂ ಟ್ಯಾಂಕ್ ಅರ್ಧ ಇದ್ದಾಗ ತಕ್ಕಡಿ ತೋರಿಸಿದ 22 ಕೆ.ಜಿ.ಯನ್ನೂ ಮಾರ್ಕರಿನಿಂದ ಬರೆದು ಗೋಡೆಗೆ ಒರಗಿಸಿಟ್ಟಿದ್ದೇನೆ. ಟೈರಿನ ಅಡಿ ಸವೆಯುತ್ತ ಬಂದಿರುವುದರಿಂದ ಆ ಹಲಗೆ ಬೇಗನೆ ಮತ್ತೆ ಕೆಲಸಕ್ಕೆ ಬರಲಿದೆ.